ಪುಸ್ತಕದ ಕೋಣೆಯ ಪರದೆ

ಟೇಪಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು ಎನ್ನುವುದು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಯಾರೋ ತಮಾಷೆಗೆ ಹಾಗೆ ಕರೆದಿದ್ದರು, ಅದೇ ನಿಂತುಬಿಟ್ಟಿತು. ಇಪ್ಪತ್ತಾರು ವರ್ಷಗಳಿಂದ ಪರದೆ ಹೊಲಿಯುವುದು ಬಿಟ್ಟರೆ ಬೇರೆ ಕೆಲಸ ಅವಳು ಮಾಡಿದವಳಲ್ಲ. ಮೈಗೆ ಹಾಕುವ ಬಟ್ಟೆ ಹೊಲಿದುಕೊಡು ಎಂದು ಯಾರಾದರೂ ಗಂಟು ಬಿದ್ದರೆ, "ಮನುಷ್ಯರು ಒಂದು ವರ್ಷ ಊದ್ತಾರೆ, ಇನ್ನೊಂದು ವರ್ಷ ಸೊರಗ್ತಾರೆ, ಬೈಸ್ಕೊಳ್ಳೋದು ನಾನು. ಕಿಟಕಿಗೆ ಆ ಚಾಳಿ ಇಲ್ಲ," ಎಂದು ಕೈ ಮುಗಿಯುತ್ತಿದ್ದಳು.

ಅವಳ ಕೆಲಸದ ರೀತಿಯೇ ಬೇರೆ. ಕಿಟಕಿಯ ಅಳತೆಯನ್ನು ನಿಂತು ತೆಗೆಯಬೇಕು, ಬೆಳಕಿನ ಅಳತೆಯನ್ನು ಮಲಗಿ ತೆಗೆಯಬೇಕು ಎನ್ನುವುದು ಅವಳ ಲೆಕ್ಕ. ಮಲಗುವ ಕೋಣೆಗೆ ಹೋದರೆ ಮನೆಯವರ ಅಪ್ಪಣೆ ಕೇಳಿ, ಚಪ್ಪಲಿ ಬಿಟ್ಟು, ಹಾಸಿಗೆಯ ಮೇಲೆ ಅಡ್ಡಾಗಿ ದಿಂಬಿಗೆ ತಲೆ ಕೊಡುತ್ತಿದ್ದಳು. ಬೆಳಗಿನ ಬಿಸಿಲು ಎಲ್ಲಿಂದ ಬರುತ್ತದೆ, ಬೀದಿದೀಪ ಕಣ್ಣಿಗೆ ಹೊಡೆಯುತ್ತದೆಯೇ, ಎಲ್ಲವನ್ನೂ ಅಲ್ಲಿಂದಲೇ ನೋಡಬೇಕು. ಒಮ್ಮೆ ಒಬ್ಬ ಯಜಮಾನರು ಕೆಲಸ ಮುಗಿಸಿ ಬಂದವರು, ತಮ್ಮ ಮಂಚದ ಮೇಲೆ ಅಪರಿಚಿತ ಹೆಂಗಸು ಮಲಗಿರುವುದನ್ನು ಕಂಡು, ಬೇರೆಯವರ ಮನೆಗೆ ನುಗ್ಗಿದೆನೆಂದು ಕ್ಷಮೆ ಕೇಳಿ ಮೆಟ್ಟಿಲಿಳಿದು ಹೋಗಿದ್ದರು. ಆ ಕತೆ ಹೇಳಿಕೊಂಡು ಟೇಪಮ್ಮ ಇಂದಿಗೂ ನಗುತ್ತಾಳೆ.

ಇನ್ನೊಂದು ವಿಷಯ. ತೆಳು ಬಟ್ಟೆಯ ಪರದೆ ಕೇಳಿದವರಿಗೆಲ್ಲ ಅವಳು ತಪ್ಪದೆ ಒಂದು ಮಾತು ಹೇಳುತ್ತಿದ್ದಳು: "ಹಗಲೊತ್ತು ನಿಮಗೆ ಹೊರಗೆ ಕಾಣುತ್ತೆ, ಹೊರಗಿನೋರಿಗೆ ನೀವು ಕಾಣಲ್ಲ. ದೀಪ ಹಾಕಿದ್ಮೇಲೆ ಇದು ಪರದೆ ಅಲ್ಲ, ನೀವು ಪೂರ್ತಿ ಕಾಣ್ತೀರಿ. ಆಮೇಲೆ ನನ್ನ ಬೈಬೇಡಿ." ಇಪ್ಪತ್ತಾರು ವರ್ಷಗಳಲ್ಲಿ ಆ ಮಾತನ್ನು ಅವಳು ಅರ್ಧಕ್ಕೆ ನಿಲ್ಲಿಸಿದ್ದು ಒಂದೇ ಒಂದು ಸಲ, ಹೆಡ್ ಮೇಡಂ ಮನೆಯಲ್ಲಿ.

ಹೆಡ್ ಮೇಡಂ ಎಂದರೆ ಮೂಲೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಮದುವೆಯಾಗದೆ ಶಾಲೆಯನ್ನೇ ಕಟ್ಟಿಕೊಂಡವರು. ಅವರೆದುರು ನಿಂತರೆ ಐವತ್ತು ದಾಟಿದವರಿಗೂ ಉಗುರು ಕತ್ತರಿಸಿದ್ದೇನೆಯೇ ಎಂದು ಕೈ ನೋಡಿಕೊಳ್ಳುವ ಹಾಗಾಗುತ್ತಿತ್ತು. ಮನೆಗೆ ಹೊಸದಾಗಿ ಬಣ್ಣ ಹೊಡೆಸಿ, ಎಲ್ಲ ಕೋಣೆಗೂ ಪರದೆ ಬೇಕೆಂದು ಟೇಪಮ್ಮನನ್ನು ಕರೆಸಿದ್ದರು.

ನಡುಮನೆಗೆ ಕಂದು ಬಣ್ಣದ ದಪ್ಪ ಬಟ್ಟೆ ಆರಿಸಿದರು. ಕೊಳೆ ಕಾಣುವುದಿಲ್ಲವಂತೆ.

"ಕೊಳೆ ಕಾಣದಿದ್ರೆ ಒಗೆಯೋರೂ ಇರಲ್ಲ ಮೇಡಂ," ಎಂದಳು ಟೇಪಮ್ಮ.

"ತಿಂಗಳಿಗೊಂದು ಸಲ ಒಗೀತೀನಿ. ಬರ್ಕೊಳ್ಳಿ."

ಅಡುಗೆಮನೆಗೂ ಬಟ್ಟೆಯೇ ಬೇಕೆಂದು ಹಠ ಹಿಡಿದರು. ಒಲೆಯಿಂದ ಕಿಟಕಿ ಒಂದು ಮೊಳ ದೂರ. ಇಲ್ಲಿ ಬಟ್ಟೆ ಹಾಕಿದರೆ ಜಿಡ್ಡು ಹಿಡಿಯುತ್ತದೆ, ಒಂದು ದಿನ ಬೆಂಕಿಯೂ ಹಿಡಿಯುತ್ತದೆ, ಒರೆಸಿದರೆ ಹೋಗುವ ಪಟ್ಟಿಯ ಬ್ಲೈಂಡ್ಸೇ ಸರಿ ಎಂದು ಟೇಪಮ್ಮ ಪಟ್ಟು ಬಿಡಲಿಲ್ಲ. ಮಲಗುವ ಕೋಣೆಯಲ್ಲಿ ಅವಳು ಹಾಸಿಗೆಯ ಮೇಲೆ ಅಡ್ಡಾದಾಗ ಮೇಡಂ ಗೋಡೆಯ ಕಡೆ ತಿರುಗಿ ನಿಂತರು. ನೀಲಿ ಬಟ್ಟೆ, ಹಿಂದೆ ಲೈನಿಂಗು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಎಲ್ಲ ಸುಸೂತ್ರ.

ಮಹಡಿಯ ಮುಂದಿನ ಕೋಣೆಗೆ ಬಂದಾಗ ಮೇಡಂ ಹೊಸ್ತಿಲಲ್ಲೇ ನಿಂತರು. "ಇದು ಪುಸ್ತಕದ ಕೋಣೆ. ಇಲ್ಲಿ ಯಾರೂ ಕೂರಲ್ಲ," ಎಂದರು.

ಯಾರೂ ಕೂರದ ಕೋಣೆಯಲ್ಲಿ ಕಿಟಕಿಗೆ ಅಂಟಿಕೊಂಡಂತೆ ಒಂದು ಕುರ್ಚಿ ಇತ್ತು. ಕುರ್ಚಿಯ ಮೇಲಿನ ಮೆತ್ತೆ ಕೂತು ಕೂತು ನಡುವೆ ತಗ್ಗಾಗಿತ್ತು. ಟೇಪಮ್ಮ ಅದನ್ನು ನೋಡಿಯೂ ನೋಡದವಳಂತೆ ಟೇಪು ಬಿಚ್ಚಿದಳು. ಕಿಟಕಿಯಾಚೆ ಕಿರಿದಾದ ಬೀದಿ. ಬೀದಿಯಾಚೆ, ಹನ್ನೆರಡು ಹೆಜ್ಜೆಗಳ ದೂರದಲ್ಲಿ, ಅದೇ ಎತ್ತರಕ್ಕೆ ಇನ್ನೊಂದು ಕಿಟಕಿ. ಆ ಕಿಟಕಿಯೊಳಗೆ ಮಂಚದ ಮೇಲೆ, ತಲೆಗೆ ಬಟ್ಟೆ ಕಟ್ಟಿಕೊಂಡು ಒಬ್ಬ ಹೆಂಗಸು ಮಲಗಿದ್ದಳು. ಅವಳು ಮೇಡಂ ಅವರ ಒಡಹುಟ್ಟಿದ ತಂಗಿ.

ಈ ಅಕ್ಕ ತಂಗಿಯರ ವಿಷಯ ಬೀದಿಗೆಲ್ಲ ಗೊತ್ತು. ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ಎದುರುಬದುರು ಮನೆ ಮಾಡಿದವರು ಅವರು. ಒಂಬತ್ತು ವರ್ಷಗಳ ಹಿಂದೆ ಅಕ್ಕನಿಗೆ ದೊಡ್ಡ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ, ತಂಗಿಯ ಮನೆಯಲ್ಲಿದ್ದ ಅವರ ತಾಯಿ ತೀರಿಕೊಂಡರು. ರೋಗಿಗೆ ಆಘಾತವಾಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ತಂಗಿ ಆರು ದಿನ ಬಾಯಿ ಬಿಡಲಿಲ್ಲ. ದಿನಾ ಆಸ್ಪತ್ರೆಗೆ ಬಂದು, ಅಮ್ಮ ಊಟ ಮಾಡಿದಳು, ಅಮ್ಮ ನಿನ್ನ ಕೇಳಿದಳು ಎಂದು ಹೇಳಿ ಹೋಗುತ್ತಿದ್ದಳು. ಏಳನೆಯ ದಿನ ಆಸ್ಪತ್ರೆಯಿಂದ ತಂಗಿಯ ಮನೆಗೆ ಬಂದ ಅಕ್ಕನಿಗೆ ಕಂಡದ್ದು ಖಾಲಿ ಮಂಚ. "ನನ್ನ ಅಮ್ಮನ ಮುಖ ನೋಡೋದನ್ನ ನನ್ನಿಂದ ಕಿತ್ಕೊಂಡೆ," ಎಂದು ಬೀದಿಯಲ್ಲೇ ಕೂಗಿ ತಮ್ಮ ಮನೆ ಸೇರಿದವರು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಯಾರದು ತಪ್ಪು ಎಂದು ಬೀದಿ ವರ್ಷಗಟ್ಟಲೆ ಚರ್ಚೆ ಮಾಡಿ ಸುಸ್ತಾಯಿತು. ಇಬ್ಬರದೂ ಸರಿ ಎನ್ನುವ ಜಗಳವನ್ನು ಬಿಡಿಸಲು ಯಾರಿಂದ ಆದೀತು?

"ಹೊರಗಿನೋರಿಗೆ ಒಳಗಡೆ ಕಾಣ್ಬಾರ್ದು," ಎಂದರು ಮೇಡಂ. "ಆದ್ರೆ ಬೆಳಕಿರ್ಬೇಕು."

"ಬೆಳಕು ಒಳಗೆ ಬಂದ್ರೆ ಸಾಕೋ, ನಿಮಗೆ ಹೊರಗೂ ಕಾಣ್ಬೇಕೋ?"

ಮೇಡಂ ಬಾಗಿಲ ಚೌಕಟ್ಟಿನ ಧೂಳನ್ನು ಬೆರಳಿನಿಂದ ಒರೆಸಿದರು. "ಕಂಡ್ರೆ ಕಾಣ್ಲಿ," ಎಂದರು ಆಮೇಲೆ.

ಟೇಪಮ್ಮ ಮಾದರಿ ಬಟ್ಟೆಗಳ ಕಟ್ಟಿನಿಂದ ಬೆಳ್ಳಗಿನ ತೆಳು ಬಟ್ಟೆಯೊಂದನ್ನು ಎಳೆದು ಕಿಟಕಿಗೆ ಹಿಡಿದಳು. "ಹಾಗಾದ್ರೆ ಇದೇ. ಹಗಲೊತ್ತು ನೀವು ಯಾರಿಗೂ ಕಾಣಲ್ಲ. ಆದ್ರೆ ಮೇಡಂ, ದೀಪ ಹಾಕಿದ್ಮೇಲೆ…"

"ದೀಪ ಹಾಕ್ಕೊಂಡು ಇಲ್ಲಿ ಯಾರು ಕೂರ್ತಾರೆ? ಹೇಳಿದ್ನಲ್ಲ, ಪುಸ್ತಕದ ಕೋಣೆ ಅಂತ!"

ನಲವತ್ತು ಮಕ್ಕಳ ಗದ್ದಲವನ್ನು ಒಂದೇ ಏಟಿಗೆ ಅಡಗಿಸುತ್ತಿದ್ದ ದನಿ ಅದು. ಟೇಪಮ್ಮ ನಾಲಿಗೆ ಕಚ್ಚಿಕೊಂಡಳು. ಅಲ್ಲಿ ಕೂರುತ್ತೇನೆಂದು ಒಪ್ಪದವರಿಗೆ, ಕೂತರೆ ಕಾಣುತ್ತೀರಿ ಎಂದು ಹೇಳುವುದು ಹೇಗೆ? ಉಳಿದರ್ಧ ಮಾತನ್ನು ನುಂಗಿಕೊಂಡು ಅಳತೆ ಬರೆದುಕೊಂಡಳು.

ಪರದೆ ಹಾಕಿ ಮೂರು ವಾರವಾಗಿರಬೇಕು, ಎದುರು ಮನೆಯಿಂದ ಕರೆ ಬಂತು. ತಂಗಿಯ ಗಂಡ, ಬಸ್ಸು ರಿಪೇರಿ ಮಾಡುವ ಮೆಕ್ಯಾನಿಕ್, ಮಿತಭಾಷಿ. ಹೆಂಡತಿಯ ಮುಖಕ್ಕೆ ಮಧ್ಯಾಹ್ನ ಬಿಸಿಲು ಹೊಡೆಯುತ್ತದೆ, ಏನಾದರೂ ಮಾಡಿಕೊಡಿ ಎಂದು ಹೇಳಿ, ಮೇಲಿನ ಕೋಣೆ ತೋರಿಸಿ, ಕೆಲಸಕ್ಕೆ ಹೋದರು.

ಕಾಯಿಲೆ ಆ ತಂಗಿಯನ್ನು ಹಿಂಡಿ ಹಾಕಿತ್ತು. ಅಂಚೆ ಕಚೇರಿಯ ಕಿಂಡಿಯ ಹಿಂದೆ ಕೂತು ಊರನ್ನೆಲ್ಲ ಮಾತಾಡಿಸುತ್ತಿದ್ದ ದುಂಡು ಮುಖ ಈಗ ಮುಷ್ಟಿಯಷ್ಟಾಗಿತ್ತು. ನಾಲಿಗೆ ಮಾತ್ರ ಹಾಗೆಯೇ ಇತ್ತು.

"ಹಾಸಿಗೆ ಮೇಲೆ ಮಲಗಿ ಅಳತೆ ತಗೋತೀರಂತಲ್ಲ ಟೇಪಮ್ಮ? ಬನ್ನಿ ಬನ್ನಿ. ಜಾಗ ಬೇಕಾದಷ್ಟಿದೆ, ನಾನೀಗ ಅರ್ಧ ಟಿಕೆಟ್ಟು."

ಟೇಪಮ್ಮ ನಗಲೂ ಆರದೆ, ಅಳಲೂ ಆರದೆ ಅವಳ ಪಕ್ಕ ಒರಗಿ ದಿಂಬಿನ ತುದಿಗೆ ತಲೆ ಕೊಟ್ಟಳು.

"ಏನು ಕಾಣ್ತು?"

"ಮೂರು ಗಂಟೆ ಬಿಸಿಲು ನಿಮ್ಮಕ್ಕನ ಮನೆ ಮೇಲಿಂದ ಸೀದಾ ಕಣ್ಣಿಗೇ ಬರುತ್ತೆ."

"ಅದು ನಂಗೂ ಗೊತ್ತು. ಇನ್ನೇನು ಕಾಣ್ತು?"

"ಎದುರು ಕಿಟಕಿ."

"ಆ ಪರದೆ ಹೊಲಿದಿದ್ದು ನೀವೇ ತಾನೆ? ನಿಮ್ಮ ಕೈಗೆ ಪುಣ್ಯ ಬರ್ಲಿ. ಸಂಜೆ ದೀಪ ಹಾಕಿದ ತಕ್ಷಣ ನಮ್ಮಕ್ಕ ಅಷ್ಟೂ ಕಾಣ್ತಾಳೆ. ಮೂಗು ಪರದೆಗೆ ತಾಗಿಸ್ಕೊಂಡು ಕೂತಿರ್ತಾಳೆ. ಆಗಾಗ ಕನ್ನಡಕ ತೆಗೆದು ಒರೆಸ್ಕೋತಾಳೆ. ಮೊನ್ನೆ ನಂಗೆ ಕೆಮ್ಮು ಬಂದಾಗ ಎದ್ದು ನಿಂತ್ಕೊಂಡ್ಲು ನೋಡಿ!"

ಅರ್ಧಕ್ಕೆ ನಿಂತ ಮಾತು ಎಲ್ಲಿಗೆ ಬಂದು ಮುಟ್ಟಿತ್ತು! "ಅಯ್ಯೋ, ತಪ್ಪು ನನ್ನದು. ಹೇಳ್ಬೇಕಿತ್ತು, ಹೇಳ್ಲಿಲ್ಲ. ನಾಳೇನೇ ಹೋಗಿ ಲೈನಿಂಗು ಹಾಕ್ಕೊಡ್ತೀನಿ," ಎಂದು ಟೇಪಮ್ಮ ಎದ್ದು ಕೂತಳು.

ತಂಗಿ ಅವಳ ಮಣಿಕಟ್ಟು ಹಿಡಿದುಕೊಂಡಳು. ಆ ಬೆರಳುಗಳಲ್ಲಿ ಅಷ್ಟು ಬಿಗಿ ಇದ್ದೀತೆಂದು ಟೇಪಮ್ಮ ಎಣಿಸಿರಲಿಲ್ಲ.

"ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳ್ಬೇಡಿ. ಗೊತ್ತಾದ್ರೆ ಅವಳಿಗೆ ಅವಮಾನ ಆಗುತ್ತೆ, ದಪ್ಪದ್ದು ಎಳೆದ್ಬಿಡ್ತಾಳೆ. ಕಾಯಿಲೆ ಬಂದಾಗ ಇವರನ್ನ ಮೂರು ಸಲ ಕಳಿಸಿದೆ, ಬಾಗಿಲು ತೆಗೀಲಿಲ್ಲ. ಬಾಗಿಲಿಂದ ಬರದೋಳು ಈಗ ಕಿಟಕಿಯಿಂದ ದಿನಾ ಬರ್ತಿದ್ದಾಳೆ. ಅವಳಿಗೆ ನಾನು ಚೆನ್ನಾಗಿ ಕಾಣ್ಲಿ ಅಂತ ನಾನೂ ಬೇಗ ದೀಪ ಹಾಕಿಸ್ಕೋತೀನಿ."

"ಒಂದು ಸಲ ಕೈ ಎತ್ತಿ ನೋಡ್ಬಾರ್ದಾ?"

"ದಿನಾ ಅನ್ಸುತ್ತೆ. ಎತ್ತಿದ್ರೆ ಅವಳು ಎದ್ದು ಹೋಗ್ಬಿಟ್ರೆ?" ತಂಗಿ ಕಣ್ಣು ಮುಚ್ಚಿಕೊಂಡಳು. "ಇರೋದನ್ನ ಯಾಕೆ ಕಳ್ಕೊಳ್ಲಿ?"

ಟೇಪಮ್ಮ ಆ ಕಿಟಕಿಗೆ ಅಡ್ಡಪಟ್ಟಿಗಳ ಬ್ಲೈಂಡ್ಸು ಆರಿಸಿದಳು. ದಿಂಬಿಗೆ ಮತ್ತೆ ಮತ್ತೆ ತಲೆ ಕೊಟ್ಟು ನೋಡಿ, ಬಿಸಿಲು ತಪ್ಪಬೇಕು, ಅಕ್ಕನ ಕಿಟಕಿ ತಪ್ಪಬಾರದು, ಅಂಥ ಜಾಗದಲ್ಲಿ ಅದು ನಿಲ್ಲುವ ಹಾಗೆ ಹಗ್ಗಕ್ಕೆ ಒಂದು ಗಂಟು ಹಾಕಿದಳು. ಎಷ್ಟು ಕೆಳಗೆ ಬಿಟ್ಟರೂ ಗಂಟು ತಿರುಗಣಿಗೆ ಸಿಕ್ಕಿಕೊಂಡು ಪಟ್ಟಿಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಅವಳ ಜೀವಮಾನದಲ್ಲಿ ಅಷ್ಟು ಕರಾರುವಾಕ್ಕಾಗಿ ಅಳೆದು ಹಾಕಿದ ಗಂಟು ಇನ್ನೊಂದಿಲ್ಲ.

ಮಾತೇನೋ ಕೊಟ್ಟಾಗಿತ್ತು, ಉಳಿಸಿಕೊಳ್ಳುವುದು ಕಷ್ಟವಾಯಿತು. ಅಡುಗೆಮನೆಯ ಬ್ಲೈಂಡ್ಸು ಸಿಕ್ಕಿಕೊಂಡಿದೆ ಎಂದು ಮೇಡಂ ಒಮ್ಮೆ ಕರೆಸಿದರು. ಹೋಗಿ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ. ಮೇಡಂ ಲೋಟ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದರು: "ಆ ಕಡೆ ಮನೆಗೆ ಹೋಗಿದ್ರಂತೆ?"

"ಹೂಂ ಮೇಡಂ."

"ಏನು ಹಾಕಿದ್ರಿ?"

"ಪಟ್ಟಿ ಬ್ಲೈಂಡ್ಸು. ಅರ್ಧಕ್ಕೆ ನಿಲ್ಲೋ ಹಾಗೆ."

"ಅರ್ಧ ಯಾಕೆ?"

ಟೇಪಮ್ಮನ ಬಾಯಿಯವರೆಗೆ ಬಂತು. ನಿಮ್ಮನ್ನು ನೋಡೋದಕ್ಕೆ ಎಂದುಬಿಟ್ಟರೆ ಮುಗಿಯಿತು. ಮಣಿಕಟ್ಟಿನ ಮೇಲಿನ ಆ ಬೆರಳುಗಳು ನೆನಪಾದವು. "ಅವ್ರು ಕೇಳಿದ್ದೇ ಅಷ್ಟು," ಎಂದಳು.

ಮೇಡಂ ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದರು. ಹೇಗಿದ್ದಾಳೆ ಎಂದು ಕೇಳಲಿಲ್ಲ. ಕೇಳಿದ್ದರೆ ಟೇಪಮ್ಮ ಎಲ್ಲವನ್ನೂ ಕಕ್ಕಿಬಿಡುತ್ತಿದ್ದಳು.

ಇನ್ನೂ ಎರಡು ತಿಂಗಳು ಹಾಗೇ ನಡೆಯಿತು. ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಟೇಪಮ್ಮ ಆ ಬೀದಿಯಲ್ಲೇ ಹಾದುಹೋಗುತ್ತಿದ್ದಳು. ತಲೆಯೆತ್ತಿದರೆ ಎರಡು ಕಿಟಕಿಯಲ್ಲೂ ದೀಪ. ಒಂದು ಸಂಜೆ ಮೇಡಂ ಮನೆಯ ಬಾಗಿಲನ್ನು ತಟ್ಟಲು ಕೈ ಮಾಡಿ, ನನಗೇಕೆ ಬೇಕು ಊರ ಉಸಾಬರಿ ಎಂದು ಹಿಂದೆ ಬಂದಳು. ಅದೊಂದಕ್ಕೆ ಅವಳು ಇಂದಿಗೂ ತನ್ನನ್ನೇ ಬೈದುಕೊಳ್ಳುತ್ತಾಳೆ.

ಆಮೇಲೊಂದು ಬೆಳಗ್ಗೆ ಅಂಗಡಿಗೆ ಬರುವಾಗ ನೋಡಿದರೆ, ತಂಗಿಯ ಕಿಟಕಿಯಲ್ಲಿ ಪಟ್ಟಿಗಳು ಪೂರ್ತಿ ಕೆಳಗಿಳಿದಿದ್ದವು. ಗಂಟನ್ನು ಯಾರೋ ಬಿಚ್ಚಿದ್ದರು. ಟೇಪಮ್ಮನಿಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮನೆ ಮುಂದೆ ಜನ ಸೇರಿದಾಗ ಮೇಡಂ ತಮ್ಮ ಗೇಟಿನವರೆಗೆ ಬಂದರು. ಗೇಟಿನ ಸರಳು ಹಿಡಿದುಕೊಂಡು, ಗಾಡಿ ಮೂಲೆ ತಿರುಗುವವರೆಗೂ ಅಲ್ಲೇ ನಿಂತಿದ್ದರು. ಕಲ್ಲು ಮನಸ್ಸಿನವಳು ಎಂದು ಜನ ಆಡಿಕೊಂಡರು.

ಮೂರು ವಾರ ಕಳೆದ ಮೇಲೆ ಒಂದು ಇಳಿಹೊತ್ತಿನಲ್ಲಿ ಮೇಡಂ ಕರೆಸಿದರು. ಪುಸ್ತಕದ ಕೋಣೆಯಲ್ಲಿ ಪರದೆಯ ಮುಂದೆ ನಿಂತಿದ್ದರು. ಕೆನ್ನೆ ಇಳಿದಿತ್ತು.

"ಇದನ್ನ ತೆಗೆದು ದಪ್ಪದ್ದು ಹಾಕಿ. ಕಪ್ಪಾದ್ರೂ ಪರವಾಗಿಲ್ಲ. ಆ ಕಿಟಕಿ ನಂಗೆ ಕಾಣ್ಬಾರ್ದು." ಯಾರಿಗೋ ಹೇಳುವಂತೆ ಮೆಲ್ಲಗೆ ಸೇರಿಸಿದರು. "ದಿನಾ ಇಲ್ಲಿ ಕೂತಿರ್ತಿದ್ದೆ ಟೇಪಮ್ಮ. ಅಕ್ಕ ಪರದೆ ಹಾಕಿ ಮುಖ ತಿರುಗಿಸ್ಕೊಂಡ್ಲು ಅಂದ್ಕೊಂಡೇ ಹೋದ್ಲು ಅವಳು. ನಾನಿಲ್ಲಿದ್ದೆ ಅನ್ನೋದು ಅವಳಿಗೆ ಗೊತ್ತಾಗ್ಲೇ ಇಲ್ಲ."

ಟೇಪಮ್ಮ ಬಿಚ್ಚಿದ ಟೇಪನ್ನು ಮತ್ತೆ ಸುತ್ತಿದಳು. ಸತ್ತವರಿಗೆ ಕೊಟ್ಟ ಮಾತೋ, ಎದುರಿಗೆ ಬದುಕಿರುವವರ ಸಂಕಟವೋ? ಹೆಚ್ಚು ಯೋಚಿಸಲಿಲ್ಲ. ಹೇಳಿಬಿಟ್ಟಳು. ಅಂದು ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಹೇಳಿದಳು, ಕನ್ನಡಕ ಒರೆಸಿಕೊಂಡದ್ದು ಹೇಳಿದಳು, ಕೆಮ್ಮು ಬಂದಾಗ ಎದ್ದು ನಿಂತದ್ದು, ಗಂಟು, ಬೇಗ ಹಾಕಿಸಿಕೊಳ್ಳುತ್ತಿದ್ದ ದೀಪ, ಎತ್ತಲು ಹೆದರಿದ ಕೈ, ಎಲ್ಲ ಹೇಳಿದಳು.

ಮೇಡಂ ಕುರ್ಚಿಯ ಮೇಲೆ ಕೂತರು. ಮಾತಾಡಿದಾಗ ದನಿ ಗದರಿಸುವಂತಿರಲಿಲ್ಲ. "ಅಮ್ಮನ ವಿಷಯ ಅವಳು ಹೇಳ್ಲಿಲ್ಲ. ಅವಳ ವಿಷಯ ನೀವು ಹೇಳ್ಲಿಲ್ಲ. ನನ್ನ ಒಳ್ಳೇದಕ್ಕೆ ಅಂತ ಎಲ್ರೂ ನನ್ನಿಂದಾನೇ ಮುಚ್ಚಿಡ್ತೀರಿ."

ಟೇಪಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

"ಗೊತ್ತಾಗಿದ್ದಿದ್ರೆ ಒಂದು ಸಲ ಕೈ ಎತ್ತುತ್ತಿದ್ದೆ," ಎಂದರು ಮೇಡಂ. ಮತ್ತೆ ತಲೆಯಾಡಿಸಿದರು. "ಇಲ್ಲ, ಸುಳ್ಳು. ಗೊತ್ತಾಗಿದ್ರೆ ಆವತ್ತೇ ದಪ್ಪದ್ದು ಹಾಕಿಸ್ತಿದ್ದೆ. ಅವಳಿಗೆ ನನ್ನ ಬುದ್ಧಿ ಚೆನ್ನಾಗಿ ಗೊತ್ತಿತ್ತು." ಆಗ ಅವರಿಗೆ ಅಳು ಬಂತು. ಸೆರಗಿಗೂ ಕೈಗೂ ಸಿಗದ ಹಾಗೆ, ಮಕ್ಕಳು ಅಳುವ ಹಾಗೆ ಬಾಯಿ ತೆರೆದು ಅತ್ತರು. ಟೇಪಮ್ಮ ಪುಸ್ತಕದ ಕಪಾಟಿಗೆ ಒರಗಿ ನಿಂತು ತಾನೂ ಅತ್ತಳು.

ಹೊರಗೆ ಬೆಳಕು ಕಡಿಮೆಯಾಗುತ್ತ ಬಂದಿತ್ತು. ಮೇಡಂ ಎದ್ದು ಗುಂಡಿ ಒತ್ತಿ ದೀಪ ಹಾಕಿದರು.

"ಟೇಪಮ್ಮ, ನೀವು ಇಲ್ಲಿ ಕೂತ್ಕೊಳ್ಳಿ. ನಾನು ಕೂರ್ತಿದ್ದ ಹಾಗೇನೇ, ಪರದೆ ಹತ್ರ. ಅಲ್ಲಾಡ್ಬೇಡಿ. ನಾನು ಹೋಗಿ ಅವಳ ಜಾಗದಿಂದ ನೋಡ್ತೀನಿ."

ಟೇಪಮ್ಮ ಹೂಂ ಎಂದು ಆ ತಗ್ಗಾದ ಮೆತ್ತೆಯ ಮೇಲೆ ಕೂತಳು. ಕೆಳಗೆ ಗೇಟು ಕಿರುಗುಟ್ಟಿತು. ಬೀದಿ ದಾಟಲು ಹನ್ನೆರಡು ಹೆಜ್ಜೆ ಸಾಕಿತ್ತು, ಮೇಡಂ ನಡುವೆ ಒಮ್ಮೆ ನಿಂತರು, ಸೈಕಲ್ಲಿನವನೊಬ್ಬ ಸುತ್ತಿಕೊಂಡು ಹೋದ. ಎದುರು ಮನೆಯ ಬಾಗಿಲು ತಟ್ಟುವ ಸದ್ದು ಕೇಳಿತು. ಬಾಗಿಲು ತೆರೆಯಿತು. ಮೆಕ್ಯಾನಿಕ್ಕಿನ ದನಿ, "ಬನ್ನಿ ಅತ್ತಿಗೆ," ಎಂದಷ್ಟೇ.

ಸ್ವಲ್ಪ ಹೊತ್ತಿಗೆ ಎದುರು ಕಿಟಕಿಯಲ್ಲಿ ದೀಪ ಹತ್ತಿತು. ಪಟ್ಟಿಗಳು ತೊದಲುತ್ತ ಮೇಲಕ್ಕೆ ಹೋದವು, ಹೆಚ್ಚೂ ಕಡಿಮೆ ಹಳೆಯ ಗಂಟಿನ ಜಾಗದವರೆಗೆ. ತೆಳು ಪರದೆಯ ಮೂಲಕ ಟೇಪಮ್ಮನಿಗೆ ಮಂಚ ಕಂಡಿತು. ಹೆಡ್ ಮೇಡಂ ಮಂಚದ ಅಂಚಿನಲ್ಲಿ ಕೂತು, ಆಮೇಲೆ ಕಾಲು ಮೇಲೆ ತೆಗೆದುಕೊಂಡು, ತಂಗಿಯ ದಿಂಬಿಗೆ ತಲೆ ಕೊಟ್ಟು ಮಲಗಿದರು. ಮುಖ ಈ ಕಡೆ ತಿರುಗಿತು.

ಇಬ್ಬರೂ ಹಾಗೇ ಇದ್ದರು. ಕೆಳಗೆ ಯಾರೋ ಮಾತಾಡಿಕೊಂಡು ಹೋದರು. ಮೇಡಂ ಹೇಳಿದಂತೆ ಟೇಪಮ್ಮ ಅಲ್ಲಾಡದೆ ಕೂತಿದ್ದಳು. ಕಣ್ಣು ತುಂಬಿ ಬಂದಾಗಲೂ ಕೈ ಎತ್ತಿ ಒರೆಸಿಕೊಳ್ಳಲಿಲ್ಲ.

ಆಗ ಆ ಮಂಚದ ಮೇಲಿನಿಂದ ಒಂದು ಕೈ ನಿಧಾನಕ್ಕೆ ಮೇಲೆದ್ದಿತು. ತರಗತಿಯಲ್ಲಿ ಉತ್ತರ ಗೊತ್ತಿದೆಯೋ ಇಲ್ಲವೋ ಎಂದು ಅನುಮಾನವಿರುವ ಮಕ್ಕಳು ಎತ್ತುವ ಹಾಗೆ, ಅರ್ಧ ಎದ್ದು ನಿಂತಿತು. ಅದು ತನಗಲ್ಲ ಎಂದು ಟೇಪಮ್ಮನಿಗೆ ಗೊತ್ತಿತ್ತು. ಅಲ್ಲಾಡಬೇಡಿ ಎಂದಿದ್ದರು, ಹೂಂ ಎಂದು ಒಪ್ಪಿಕೊಂಡೂ ಇದ್ದಳು. ಆದರೆ ಈ ಎರಡು ಮನೆಗಳ ನಡುವೆ ಕೊಟ್ಟ ಮಾತನ್ನು ಅವಳು ಒಮ್ಮೆ ಉಳಿಸಿಕೊಂಡಾಗಿತ್ತು, ಅದರಿಂದ ಆದದ್ದೇನೆಂದು ನೋಡಿಯೂ ಆಗಿತ್ತು.

ಟೇಪಮ್ಮ ತನ್ನ ಕೈ ಎತ್ತಿದಳು. ಎದುರು ಕಿಟಕಿಯ ಆ ಕೈ ಇಳಿಯುವವರೆಗೂ ಇವಳು ಇಳಿಸಲಿಲ್ಲ.